ಒಳ್ಳೆಯ ಪ್ರಶ್ನೆ ಬರೆಯುವುದು ಹೇಗೆ? ಬೀದರ್‌ನ ಬಾವಿಗಳು ಕಲಿಸಿದ ಪಾಠ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಭೂಗೋಳಶಾಸ್ತ್ರ ನನ್ನ ವಿಷಯವಲ್ಲ. ಆದರೂ ಕಲಾ ವಿಭಾಗದವರು ನಮ್ಮ ಊರಿನ ನೀರಿನ ಬಗ್ಗೆ ಕ್ಷೇತ್ರಕಾರ್ಯ ಮಾಡುತ್ತಾರೆಂದು ತಿಳಿದಾಗ ನಾನೂ ಹೆಸರು ಕೊಟ್ಟೆ. ಬೇಸಿಗೆಯಲ್ಲಿ ನಮ್ಮ ಮನೆಯ ಟ್ಯಾಂಕರ್ ಲೆಕ್ಕ ಬರೆಯುವವಳು ನಾನೇ.

ಹೊರಡುವ ಮೊದಲು ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆದು ತರಬೇಕಿತ್ತು. ನಾನು ಬರೆದದ್ದು: "ಬೀದರ್‌ನಲ್ಲಿ ನೀರಿನ ಕೊರತೆ ಏಕಿದೆ?" ಮೇಡಂ ಓದಿ, "ಇದಕ್ಕೆ ಉತ್ತರ ಹುಡುಕಲು ನಾಳೆ ಬೆಳಿಗ್ಗೆ ಎಲ್ಲಿ ಹೋಗಿ ನಿಲ್ಲುತ್ತೀಯಮ್ಮಾ?" ಎಂದು ಕೇಳಿದರು. ನಾನು ಸುಮ್ಮನಾದೆ.

ಮೊದಲು ನೆಲವನ್ನು ತಿಳಿದುಕೊಳ್ಳಿ ಎಂದರು ಮೇಡಂ. ಬೀದರ್ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಈ ಕೆಂಪು ಕಲ್ಲಿನಲ್ಲಿ ರಂಧ್ರಗಳಿರುವುದರಿಂದ ಮಳೆನೀರು ಒಳಗೆ ಇಳಿಯುತ್ತದೆ. ಅದರ ಕೆಳಗಿನ ಕಪ್ಪು ಬಸಾಲ್ಟ್ ಶಿಲೆ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ನೀರು ಪಕ್ಕಕ್ಕೆ ಸರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನೌಬಾದ್‌ನ ಸುರಂಗ ಬಾವಿಯೂ ಈ ಅಂತರ್ಜಲವನ್ನೇ ನಂಬಿದ್ದು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ಕರೇಜ್ ಮಾದರಿಯಲ್ಲಿ ಅದನ್ನು ಕೊರೆದರು. ನೆಲದೊಳಗಿನ ಇಳಿಜಾರಿನಲ್ಲೇ ನೀರು ಹರಿಯುತ್ತಿತ್ತು, ಪಂಪು ಬೇಕಿರಲಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ಪ್ರಶ್ನೆ ಬದಲಾಯಿತು: "ಪ್ರಸ್ಥಭೂಮಿಯ ಮಧ್ಯದ ಬಾವಿಗಳಿಗಿಂತ ಅಂಚಿನ ಬಾವಿಗಳಲ್ಲಿ ನೀರು ಮೇಲೆ ಇದೆಯೇ?" ಈಗ ಎಲ್ಲಿ ನಿಲ್ಲಬೇಕೆಂದು ಗೊತ್ತಾಯಿತು. ಕೈಯಲ್ಲಿ ಕಲ್ಲು ಕಟ್ಟಿದ ಹಗ್ಗ ಮತ್ತು ಟೇಪ್ ಇದ್ದರೆ ಸಾಕಿತ್ತು.

ಲೆಕ್ಕಶಾಸ್ತ್ರದಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕುವುದಿಲ್ಲ. ಪ್ರಶ್ನೆಯೂ ಹಾಗೆಯೇ. ಬರೆದ ಮೇಲೆ ನಾಲ್ಕು ಸಂಗತಿ ನೋಡಿ:

1. ಯಾವ ಜಾಗ ಎಂದು ಸ್ಪಷ್ಟವಾಗಿದೆಯೇ?
2. ನಮ್ಮ ಕೈಯಿಂದ ಅಳೆಯಲು, ಎಣಿಸಲು ಅಥವಾ ಕೇಳಲು ಆಗುತ್ತದೆಯೇ?
3. ಎರಡು ಜಾಗ ಅಥವಾ ಎರಡು ಕಾಲದ ಹೋಲಿಕೆ ಇದೆಯೇ?
4. "ಇಲ್ಲ" ಎಂಬ ಉತ್ತರವೂ ಬರಬಹುದೇ? ಉತ್ತರ ಮೊದಲೇ ಗೊತ್ತಿದ್ದರೆ ಹೋಗುವುದೇಕೆ?

ನಾವು ಆರಿಸಿದ ಆರು ಬಾವಿಗಳಲ್ಲಿ ಎರಡರಲ್ಲಿ ಕಸ ತುಂಬಿತ್ತು. ಉಳಿದ ನಾಲ್ಕರಿಂದ ದೊಡ್ಡ ತೀರ್ಮಾನ ಹೇಳಲಾಗದು. ವರದಿಯಲ್ಲಿ ಅದನ್ನೂ ಬರೆದೆವು.

ಜನರನ್ನು ಕೇಳುವುದು ಇನ್ನೂ ಕಷ್ಟ. ನಮ್ಮ ಓಣಿಯಲ್ಲಿ ಎಲ್ಲರೂ ಉರ್ದು ಮಾತಾಡುತ್ತಾರೆ. ನಾನು "ಪಾನಿ ಕಿ ತಕ್ಲೀಫ್ ಹೈ ಕ್ಯಾ?" ಎಂದು ಕೇಳಿದೆ. ನೀರಿನ ತೊಂದರೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಎಲ್ಲ ಮನೆಯಲ್ಲೂ "ಹೈ" ಎಂದೇ ಹೇಳಿದರು. ಪಕ್ಕದ ಮನೆಯ ಖಾಲಾ ಮಾತ್ರ, "ಬೇಟಿ, ಬರೆದುಕೊಂಡು ಏನು ಮಾಡುತ್ತೀ?" ಎಂದರು. ಕಾಲೇಜಿನ ಅಭ್ಯಾಸಕ್ಕೆ, ಟ್ಯಾಂಕರ್ ತರಿಸಲು ನನ್ನಿಂದ ಆಗದು ಎಂದು ನಿಜ ಹೇಳಿದೆ. ಮೊದಲೇ ಹೇಳಬೇಕಿತ್ತು.

ಮರುದಿನ ಪ್ರಶ್ನೆ ತಿದ್ದಿಕೊಂಡು ಹೋದೆ: "ನಿನ್ನೆ ಎಷ್ಟು ಕೊಡ ನೀರು ತಂದಿರಿ? ಎಲ್ಲಿಂದ? ಯಾರು ತಂದರು?" ಮೊದಲೆರಡಕ್ಕೆ ಮನೆಗೊಂದು ಉತ್ತರ ಬಂತು. ಮೂರನೆಯದಕ್ಕೆ ಮಾತ್ರ ಹೆಚ್ಚಿನ ಮನೆಗಳಲ್ಲಿ ಒಂದೇ ಉತ್ತರ: ಮಗಳು.

ಒಂದು ಮನೆಯ ಮಗಳು ನನ್ನ ತರಗತಿಯವಳೇ. ಅವಳು ಮೊದಲ ಪೀರಿಯಡ್‌ಗೆ ದಿನವೂ ತಡವಾಗಿ ಬರುತ್ತಾಳೆ. ನಿದ್ದೆಗಾರ್ತಿ ಎಂದು ನಾವು ನಗುತ್ತಿದ್ದೆವು, ನಾನೂ ನಕ್ಕಿದ್ದೇನೆ. ಅಂದು ಬೆಳಿಗ್ಗೆ ಅವಳು ಹನ್ನೊಂದು ಕೊಡ ತಂದಿದ್ದಳು. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ಇದನ್ನು ಬರೆದಿದ್ದೇನೆ.

"ಕೊರತೆ ಏಕಿದೆ?" ಎಂದೇ ಹಿಡಿದು ಕೂತಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ನಾಳೆ ಕಾಲೇಜಿಗೆ ಬರುವ ದಾರಿಯಲ್ಲಿ ನೀವೂ ಒಂದು ಪ್ರಶ್ನೆ ಬರೆದು ನೋಡಿ. ಮಳೆ ಬಂದಾಗ ನಿಮ್ಮ ಓಣಿಯ ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ? ಅಲ್ಲಿಂದ ಶುರು ಮಾಡಬಹುದು.