ಅಧ್ಯಯನ ಪಾಠ: ದ್ವಿಭಾಷಾ ಜಾಲತಾಣದ ಪಕ್ಕಪಟ್ಟಿ ಮತ್ತು ಅಡಿಪಟ್ಟಿಗಳ ನಿರ್ವಹಣೆ

ಪುಟಗಳನ್ನು ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲಿಯೂ ಸಿದ್ಧಪಡಿಸಿದ ಮಾತ್ರಕ್ಕೆ ಜಾಲತಾಣವು ದ್ವಿಭಾಷೆಯದಾಗುವುದಿಲ್ಲ. ಬದಿಯಲ್ಲಿರುವ ಪಕ್ಕಪಟ್ಟಿ, ತಳದಲ್ಲಿರುವ ಅಡಿಪಟ್ಟಿ ಇವು ಪುಟದ ಭಾಗಗಳಂತೆ ಕಂಡರೂ ಸಾಮಾನ್ಯವಾಗಿ ತಂತ್ರಾಂಶದಲ್ಲಿ ಬೇರೆಡೆ ಸಂಗ್ರಹವಾಗಿರುತ್ತವೆ. ಒಮ್ಮೆ ಬರೆದುದು ಎಲ್ಲ ಪುಟಗಳಲ್ಲಿಯೂ ಕಾಣಿಸುವುದರಿಂದ, ಅಲ್ಲಿನ ಒಂದು ತಪ್ಪು ಎಲ್ಲ ಪುಟಗಳ ತಪ್ಪಾಗುತ್ತದೆ.

ಎರಡು ಭಾಷೆಗಳ ಅಡಿಪಟ್ಟಿಗಳು ಎರಡು ಪ್ರತ್ಯೇಕ ಪ್ರತಿಗಳು. ಸಾರ್ವಜನಿಕ ಮಾಹಿತಿ ಅಧಿಕಾರಿಯು ವರ್ಗಾವಣೆಗೊಂಡಾಗ ಇಂಗ್ಲಿಷ್ ಪ್ರತಿಯನ್ನು ಮಾತ್ರ ತಿದ್ದಿದರೆ, ಕನ್ನಡದಲ್ಲಿ ಹಿಂದಿನವರ ಹೆಸರು, ದೂರವಾಣಿ ಸಂಖ್ಯೆಗಳೇ ಉಳಿಯುತ್ತವೆ. ಕನ್ನಡ ಮಾತ್ರ ಓದಬಲ್ಲ ಅರ್ಜಿದಾರರು ಅದನ್ನೇ ನಂಬಿ ಅಲೆಯಬೇಕಾಗುತ್ತದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಈ ಅಧಿಕಾರಿಯ ಹೆಸರು, ಪದನಾಮಗಳನ್ನು ಪ್ರಕಟಿಸಿ ಪ್ರತಿ ವರ್ಷ ಪರಿಷ್ಕರಿಸಬೇಕೆನ್ನುತ್ತದೆ. ಪ್ರಕರಣ 4(4) ಮಾಹಿತಿ ಪ್ರಸಾರದಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಬೇಕೆನ್ನುತ್ತದೆ. ಆದುದರಿಂದ ಇದು ಗಣಕಯಂತ್ರ ನಿರ್ವಾಹಕರೊಬ್ಬರ ಹೊಣೆಯಷ್ಟೇ ಅಲ್ಲ.

ಸದಸ್ಯರು ಪರಿಶೀಲಿಸಬೇಕಾದ ಅಂಶಗಳು:

1. ಕನ್ನಡ ಪುಟವನ್ನು ತೆರೆದಾಗ ಪಕ್ಕಪಟ್ಟಿಯೂ ಅಡಿಪಟ್ಟಿಯೂ ಕನ್ನಡದಲ್ಲಿಯೇ ಇವೆಯೇ?

2. ಅಲ್ಲಿನ ಕೊಂಡಿಗಳನ್ನು ಒತ್ತಿದರೆ ಕನ್ನಡ ಪುಟಗಳೇ ತೆರೆಯುತ್ತವೆಯೇ?

3. ಹೆಸರು, ದೂರವಾಣಿ ಸಂಖ್ಯೆ, ಕಚೇರಿ ವೇಳೆ ಎರಡೂ ಭಾಷೆಗಳಲ್ಲಿ ಒಂದೇ ಆಗಿವೆಯೇ?

4. ಬರಹವು ಯೂನಿಕೋಡ್ ಅಕ್ಷರಗಳಲ್ಲಿದೆಯೇ? ಚಿತ್ರವಾಗಿ ಅಂಟಿಸಿದ ಬರಹವನ್ನು ಹುಡುಕುವುದು ಕಷ್ಟ. ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಸರಿಯಾಗಿ ದಕ್ಕುವುದಿಲ್ಲ.

ತಿದ್ದುಪಡಿಯ ದಿನಾಂಕವನ್ನು ಪ್ರತಿ ಭಾಷೆಗೂ ಪ್ರತ್ಯೇಕವಾಗಿ ವಹಿಯಲ್ಲಿ ದಾಖಲಿಸಿದಲ್ಲಿ, ಯಾವುದು ಹಿಂದುಳಿದಿದೆಯೆಂಬುದು ಸಾಮಾನ್ಯ ಸಭೆಯಲ್ಲಿಯೇ ತಿಳಿದುಬರುತ್ತದೆ.