ಹದಿನೈದು ನಿಮಿಷದ ಬರವಣಿಗೆ

೪೭ನ್ನು ೬ರಿಂದ ಬಾಯಿಲೆಕ್ಕದಲ್ಲಿ ಗುಣಿಸುವವನು ಮೊದಲು ೪೨ರ ೨ನ್ನು ಇಟ್ಟು, ದಶಕದ ೪ನ್ನು ಮನಸ್ಸಿನಲ್ಲಿ ಹಿಡಿದುಕೊಂಡಿರಬೇಕು. ಅದೇ ಕ್ಷಣದಲ್ಲಿ ‘ತಪ್ಪಿದರೆ ತರಗತಿಯೆಲ್ಲ ನಕ್ಕೀತು’ ಎಂಬ ಯೋಚನೆ ಸುಳಿದರೆ ಆ ೪ ಜಾರಿಹೋಗುತ್ತದೆ. ಕೆಲಸದ ನಡುವೆ ಬೇಕಾದುದನ್ನು ಹಿಡಿದಿಡುವ ಈ ಶಕ್ತಿಯನ್ನು ಕಾರ್ಯಸ್ಮೃತಿ ಎಂದು ಕರೆಯಬಹುದು. ಅದರಲ್ಲಿರುವ ಸ್ಥಳ ಬಹಳ ಚಿಕ್ಕದು. ಆತಂಕವೂ ಅದರಲ್ಲಿಯೇ ಪಾಲು ಬೇಡುತ್ತದೆ.

ಹಲವು ಜನಾಂಗಗಳ ಮಕ್ಕಳು ಕೂಡಿ ಕಲಿಯುವ ಶಾಲೆಯಲ್ಲಿ ಈ ಆತಂಕ ಎಲ್ಲರಿಗೂ ಒಂದೇ ಸಮನಾಗಿರುವುದಿಲ್ಲ. ತಮ್ಮವರು ಓದಿನಲ್ಲಿ ಹಿಂದೆ ಎಂಬ ಮಾತು ಸುತ್ತಲೂ ಹಬ್ಬಿರುವಾಗ, ತನ್ನ ಒಂದು ತಪ್ಪಿನಿಂದ ಆ ಮಾತೇ ನಿಜವೆನಿಸೀತೆಂಬ ಅಳುಕು ಕೆಲವರಿಗೆ ಹೆಚ್ಚಾಗಿ ಸೇರುತ್ತದೆ. ಈ ಅಳುಕಿನಿಂದ ಅಂಕಗಳು ಕುಗ್ಗಬಲ್ಲವೆಂದು ಕ್ಲಾಡ್ ಸ್ಟೀಲ್ ಮತ್ತು ಜೋಷುವಾ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ೧೯೯೫ರಲ್ಲಿ ವಾದಿಸಿದರು. ಅದರ ಪ್ರಮಾಣ ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹಾಗಾದರೆ ಅಳುಕನ್ನು ತಗ್ಗಿಸುವುದು ಹೇಗೆ? ಜೆಫ್ರಿ ಕೋಹೆನ್ ಮತ್ತು ಅವರ ಸಹೋದ್ಯೋಗಿಗಳು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗ ಅತಿ ಸರಳವಾದುದು. ಅಮೆರಿಕದ ಈಶಾನ್ಯ ಭಾಗದ ಒಂದು ಶಾಲೆ. ಅಲ್ಲಿಯ ಏಳನೆಯ ತರಗತಿಯಲ್ಲಿ ಆಫ್ರಿಕನ್ ಮೂಲದವರೂ ಯುರೋಪಿಯನ್ ಮೂಲದವರೂ ಹೆಚ್ಚು ಕಡಮೆ ಸರಿಸಮನಾಗಿದ್ದರು. ವರ್ಷದ ಆರಂಭದಲ್ಲಿ ಉಪಾಧ್ಯಾಯರು ಮಕ್ಕಳಿಗೆ ಮುಚ್ಚಿದ ಲಕೋಟೆಗಳನ್ನು ಹಂಚಿದರು. ಒಳಗಿನ ಹಾಳೆಯಲ್ಲಿ ಸ್ನೇಹ, ಕುಟುಂಬ, ಸಂಗೀತ, ಆಟ, ಧರ್ಮ ಮುಂತಾದವುಗಳ ಪಟ್ಟಿ. ತನಗೆ ಅತಿ ಮುಖ್ಯವಾದುದನ್ನು ಆರಿಸಿ, ಅದೇಕೆ ಮುಖ್ಯವೆಂದು ಬರೆಯಬೇಕು. ಉಳಿದ ಅರ್ಧ ಮಕ್ಕಳಿಗೆ ಬಂದ ಹಾಳೆ ಬೇರೆ: ತನಗೆ ಮುಖ್ಯವಲ್ಲದ ಒಂದು ವಿಷಯ ಇನ್ನೊಬ್ಬರಿಗೆ ಏಕೆ ಮುಖ್ಯವಾದೀತೆಂದು ಅವರು ಬರೆದರು. ಯಾರಿಗೆ ಯಾವ ಹಾಳೆ ಬಂದಿತೆಂಬುದು ಉಪಾಧ್ಯಾಯರಿಗೂ ತಿಳಿಯದು. ಎಲ್ಲವೂ ಸುಮಾರು ಹದಿನೈದು ನಿಮಿಷದ ಕೆಲಸ.

ಆ ಅವಧಿಯ ಕೊನೆಯಲ್ಲಿ, ತಮಗೆ ಮುಖ್ಯವಾದುದನ್ನು ಕುರಿತು ಬರೆದಿದ್ದ ಆಫ್ರಿಕನ್ ಮೂಲದ ಮಕ್ಕಳ ಅಂಕಗಳು ಏರಿದ್ದವು. ಎರಡು ಗುಂಪುಗಳ ನಡುವಣ ಅಂತರ ಸುಮಾರು ಶೇಕಡ ೪೦ರಷ್ಟು ಇಳಿದಿತ್ತು. ಬಿಳಿಯ ಮಕ್ಕಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವರ್ಷದಲ್ಲಿ ಕೆಲವು ಸಲ ಇಂತಹ ಬರವಣಿಗೆಯನ್ನು ಮತ್ತೆ ಮಾಡಿಸಿದರು. ೨೦೦೯ರ ವರದಿ ಎರಡು ವರ್ಷಗಳ ಅನಂತರದ ಸ್ಥಿತಿಯನ್ನು ತಿಳಿಸುತ್ತದೆ: ಆಫ್ರಿಕನ್ ಮೂಲದ, ಓದಿನಲ್ಲಿ ಹಿಂದುಳಿದಿದ್ದ ಮಕ್ಕಳಲ್ಲಿ ಅದೇ ತರಗತಿಯಲ್ಲಿ ಉಳಿದವರು ಅಥವಾ ವಿಶೇಷ ಪಾಠ ಬೇಕಾದವರು, ಮುಖ್ಯವಾದುದನ್ನು ಬರೆದವರ ಪೈಕಿ ಶೇಕಡ ೫, ಉಳಿದವರ ಪೈಕಿ ೧೮.

ಒಂದು ಹಾಳೆಗೆ ಇಷ್ಟು ಬಲವೆಲ್ಲಿಯದು? ಕಾಗದದಲ್ಲಿ ಗಣಿತವೂ ಇಲ್ಲ, ವ್ಯಾಕರಣವೂ ಇಲ್ಲ. ಅಂಕಪಟ್ಟಿಯೇ ತಾನಲ್ಲ, ತನಗೆ ತಂಗಿಯಿದ್ದಾಳೆ, ಹಾಡು ಬರುತ್ತದೆ ಎಂದು ನೆನೆದ ಹುಡುಗನಿಗೆ ಮೊದಲ ಪರೀಕ್ಷೆಯ ಭಯ ತುಸು ಕಡಮೆಯಾಗುತ್ತದೆಂಬುದು ಸಂಶೋಧಕರ ವಿವರಣೆ. ಅಳುಕಿನಿಂದ ಕಡಮೆ ಅಂಕ, ಕಡಮೆ ಅಂಕದಿಂದ ಇನ್ನಷ್ಟು ಅಳುಕು: ಚಕ್ರಬಡ್ಡಿಯ ಸಾಲದಂತೆ ಇದು ಬೆಳೆಯುತ್ತದೆ. ಮೊದಲ ತಿಂಗಳಲ್ಲೇ ಸ್ವಲ್ಪ ತೀರಿಸಿದವನಿಗೂ ಕೊನೆಗೆ ತೀರಿಸಹೊರಟವನಿಗೂ ಎಷ್ಟು ಅಂತರವೆಂಬುದನ್ನು ವಾಚಕರೇ ಲೆಕ್ಕಹಾಕಬಹುದು.

ಇನ್ನೊಂದು ವಿಚಿತ್ರ. ‘ಇದು ನಿಮ್ಮ ಒಳಿತಿಗಾಗಿ’ ಎಂದು ಮೊದಲೇ ಹೇಳಿದರೆ ಬರವಣಿಗೆಯ ಫಲ ತಗ್ಗುವುದು ಕಂಡುಬಂದಿದೆ. ಕ್ಷೇಮ ಸಪ್ತಾಹದ ಫಲಕ ಕಟ್ಟಿ ಭಾಷಣ ಮಾಡಿಸುವ ಶಾಲೆಗಳಿಗೆ ಇದು ರುಚಿಸಲಾರದು.

ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸಬಾರದು. ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದ ಹನ್ನೊಂದು ಶಾಲೆಗಳಲ್ಲಿ ಅದೇ ಪ್ರಯೋಗ ನಡೆದಾಗ ಮೊದಲ ತಂಡದಲ್ಲಿ ದೊರೆತ ಲಾಭ ಅಲ್ಪ. ಮುಂದಿನ ತಂಡದಲ್ಲಿ ಅದೂ ಕಾಣಲಿಲ್ಲ. ಆದರೆ ಮೊದಲ ತಂಡದ ಅಂಕಿ ಅಂಶಗಳನ್ನು ಶಾಲೆವಾರು ಬಿಡಿಸಿ ನೋಡಿದಾಗ, ಅಲ್ಪಸಂಖ್ಯಾತ ಮಕ್ಕಳು ತೀರ ಕೆಲವರೇ ಇದ್ದು ಅಂಕಗಳ ಅಂತರವೂ ಹೆಚ್ಚಾಗಿದ್ದ ಶಾಲೆಗಳಲ್ಲಿ ಬರವಣಿಗೆ ಹೆಚ್ಚು ಫಲಿಸಿದ್ದುದು ಗೊತ್ತಾಯಿತು.