ಸಭೆಯ ಕನ್ನಡ, ಅಂಗಳದ ತುಳು

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ಇಂದಿನ ಘಾನಾದ ಕರಾವಳಿಗೆ, ತನ್ನ ಮೊದಲ ತಂಡವನ್ನು 1828ರಲ್ಲಿಯೂ ಮಂಗಳೂರಿಗೆ 1834ರಲ್ಲಿಯೂ ಕಳುಹಿಸಿತು. ಗೋಲ್ಡ್ ಕೋಸ್ಟಿನಲ್ಲಿ ಇಳಿದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ತೀರಿಕೊಂಡರು. ಅನಂತರ ಹೋಗಿ ಬದುಕಿ ಉಳಿದ ಆಂಡ್ರಿಯಾಸ್ ರೀಸ್ ಅವರನ್ನು ಜ್ವರದಿಂದ ಎಬ್ಬಿಸಿದ್ದು ಅಲ್ಲಿಯ ನಾಟಿವೈದ್ಯರ ಮದ್ದು. ಅಲ್ಲಿ ಕ್ರಿಸ್ಟಾಲರ್ ಅವರು ಟ್ವಿ ಭಾಷೆಗೆ 1875ರಲ್ಲಿ ವ್ಯಾಕರಣವನ್ನೂ 1881ರಲ್ಲಿ ನಿಘಂಟನ್ನೂ ಬರೆದರೆ, ಇಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿಯೂ ಮೆನ್ನರ್ ಅವರ ತುಳು ನಿಘಂಟು 1886ರಲ್ಲಿಯೂ ಮಂಗಳೂರಿನಲ್ಲಿ ಅಚ್ಚಾದವು. ಅವರ ಧರ್ಮಪ್ರಚಾರದ ಉದ್ದೇಶವನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಎರಡು ಖಂಡಗಳಲ್ಲಿಯೂ ಅವರ ಕೆಲಸಕ್ಕೆ ಬೇರು ಸಿಕ್ಕಿದ್ದು ಊರಿನವರ ಮಾತನ್ನು ಕಲಿತು, ಊರಿನವರ ಆರೈಕೆಯನ್ನು ಪಡೆದ ಮೇಲೆ.

ಈ ಸಂಗತಿ ಹಳೆಯ ಕಾಲಕ್ಕೆ ಮಾತ್ರ ಸೇರಿದ್ದಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಿಗೆ ಬಯಲುಸೀಮೆಯಿಂದ ಸೇವಾಕಾರ್ಯಕ್ಕೆಂದು ಬರುವ ಕಾರ್ಯಕರ್ತರು ಗಡಿ ದಾಟಿ ಬಂದವರಲ್ಲವಾದ್ದರಿಂದ, ತಮಗೆ ಭಾಷೆಯ ತೊಡಕು ಬರಲಾರದೆಂದು ನಂಬಿಯೇ ಬರುತ್ತಾರೆ. ಆದರೆ ಬಸ್ಸಿನಲ್ಲಿ ಮೂಡುಬಿದಿರೆಯನ್ನು 'ಬೆದ್ರ' ಎಂದೂ, ಬೆಳ್ತಂಗಡಿಯನ್ನು 'ಬೊಲ್ತೇರ್' ಎಂದೂ ಕರೆಯುವುದು ಕಿವಿಗೆ ಬಿದ್ದಾಗಲೇ, ಫಲಕದ ಮೇಲಿನ ಊರು ಬೇರೆ, ಬಾಯಲ್ಲಿರುವ ಊರು ಬೇರೆ ಎಂಬ ಅರಿವು ಮೂಡತೊಡಗುತ್ತದೆ. ಇಲ್ಲಿ ಕನ್ನಡವು ಶಾಲೆಯ, ಕಚೇರಿಯ, ಸಭೆಯ ಭಾಷೆ. ಜಗಳ, ಸಲುಗೆ, ಸಂದೇಹ, ಲೆಕ್ಕಾಚಾರಗಳೆಲ್ಲ ಹೆಚ್ಚಿನ ಮನೆಗಳಲ್ಲಿ ತುಳುವಿನಲ್ಲಿ ನಡೆಯುತ್ತವೆ. ಸಭೆಯಲ್ಲಿ ಕಾರ್ಯಕರ್ತರಿಗೆ ಸಿಗುವ ಕನ್ನಡದ ಉತ್ತರ ಸುಳ್ಳಲ್ಲ, ಆದರೆ ಅದು ಅತಿಥಿಗೆ ಕೊಡುವ ಉತ್ತರ. ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವ ಪದ್ಧತಿಯಂತೆ ಅದರಲ್ಲಿ ಗೌರವ ಮುಂದೆ, ಅಭಿಪ್ರಾಯ ಹಿಂದೆ.

ಇದರ ಬೆಲೆ ಎಷ್ಟೆಂಬುದು ಬೆಳ್ತಂಗಡಿ ಕಡೆಯ ಒಂದು ತೋಡಿನಲ್ಲಿ ತಿಳಿದುಬಂತು. ತೋಡು ಎಂದರೆ ಗುಡ್ಡದಿಂದ ಇಳಿದು ಗದ್ದೆ ಮತ್ತು ಅಡಿಕೆ ತೋಟಗಳ ನಡುವೆ ಹರಿಯುವ ಸಣ್ಣ ಹಳ್ಳ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಸಮುದ್ರ ಸೇರುವುದರಿಂದ, ಮಾರ್ಚ್ ಬರುವಾಗ ತೋಟಗಳು ನೀರಿಗೆ ಹಂಬಲಿಸುತ್ತವೆ. ಆದ್ದರಿಂದ ಮಳೆ ನಿಂತು ಹರಿವು ತಗ್ಗಿದ ಮೇಲೆ ತೋಡಿಗೆ ಅಡ್ಡಲಾಗಿ 'ಕಟ್ಟ' ಕಟ್ಟುತ್ತಾರೆ. ಹಿಂದೆ ಮರದ ಗೂಟ, ಕಲ್ಲು, ಸೊಪ್ಪು, ಮಣ್ಣಿನಿಂದ ಆಗುತ್ತಿದ್ದ ಈ ತಾತ್ಕಾಲಿಕ ಒಡ್ಡು ಈಗ ಹೆಚ್ಚಾಗಿ ಮರಳು ತುಂಬಿದ ಪ್ಲಾಸ್ಟಿಕ್ ಚೀಲಗಳಿಂದ ಆಗುತ್ತದೆ. ಹೊಸದಾಗಿ ಬಂದ ಕಾರ್ಯಕರ್ತರು ಮರಳಿನ ಗಾಡಿ ನಿಲ್ಲಲು ಅನುಕೂಲವೆಂದು ರಸ್ತೆಯ ಬದಿಯ ಒಂದು ಜಾಗವನ್ನು ಗುರುತಿಸಿ ಸಭೆಯಲ್ಲಿ ಕೇಳಿದಾಗ ಎಲ್ಲರೂ 'ಆವು' ಎಂದರು. ಆಗಬಹುದು, ಆಗಲಿ ಎಂಬುದು ಆ ಪದದ ಅರ್ಥ. ಚೀಲ ಹೊತ್ತದ್ದೂ ಎಲ್ಲರೂ ಸೇರಿಯೇ. ಹದಿನೈದು ದಿನಗಳಲ್ಲಿ ನೀರು ಕಟ್ಟವನ್ನು ಮುಟ್ಟದೆಯೇ ಪಕ್ಕದ ಮೆದು ದಂಡೆಯನ್ನು ಕೊರೆದು ಸುತ್ತುಬಳಸಿ ಹರಿದುಹೋಯಿತು.

ಆ ಸಂಜೆ ತೋಟದ ಯಜಮಾನರು, ಎಪ್ಪತ್ತು ದಾಟಿದವರು, ಅಂಗಳದಲ್ಲಿ ಅಡಿಕೆ ರಾಶಿ ಮಾಡುತ್ತಿದ್ದಲ್ಲಿಂದಲೇ ಪಕ್ಕದವರೊಡನೆ ತುಳುವಿನಲ್ಲಿ ಹೇಳುತ್ತಿದ್ದುದೆಂದರೆ, ಆ ತಿರುವಿನಲ್ಲಿ ತಮ್ಮ ತಂದೆಯ ಕಾಲದಲ್ಲಿಯೂ ಕಟ್ಟ ನಿಂತಿರಲಿಲ್ಲ, ನಿಲ್ಲುವುದಾದರೆ ಕೆಳಗಿನ ಪಾದೆಯ ಹತ್ತಿರ, ಅಂದರೆ ಹಾಸುಬಂಡೆಯ ಬಳಿ ಮಾತ್ರ. ಮೊದಲೇ ಏಕೆ ಹೇಳಲಿಲ್ಲವೆಂದು ಕಾರ್ಯಕರ್ತರು ಕೇಳಿದ್ದಕ್ಕೆ ಅವರು, "ಮೀಟಿಂಗ್‌ಡ್ ಎಂಚ ಪನ್ಪಿನಿ, ಸರ್?" ಎಂದರು, ಮೀಟಿಂಗಿನಲ್ಲಿ ಹೇಗೆ ಹೇಳುವುದು ಎಂದು. ಅದು ಆಕ್ಷೇಪವಲ್ಲ. ದೂರದಿಂದ ಬಂದವರ ಮಾತನ್ನು ನಾಲ್ಕು ಜನರ ಎದುರು ತೆಗೆದುಹಾಕಬಾರದೆಂಬ ದಾಕ್ಷಿಣ್ಯಕ್ಕೆ ಆ ವರ್ಷ ಅವರ ತೋಟವೇ ನೀರು ಕಳೆದುಕೊಂಡಿತ್ತು.

ಅಂದಿನಿಂದ ಸಭೆಗಿಂತ ಅಂಗಳಗಳಿಗೆ ಹೋಗುವುದೇ ಕೆಲಸದ ಮುಖ್ಯ ಭಾಗವಾಯಿತು. ಬಂಟ್ವಾಳದ ಹಳ್ಳಿಗಳಲ್ಲಿ ಮಹಿಳೆಯರ ಗುಂಪಿಗೆ ಯಾವ ಹೊತ್ತು ಸರಿಯೆಂಬುದನ್ನು ನಿರ್ಧರಿಸುವುದು ಗಡಿಯಾರವಲ್ಲ, ಬೀಡಿಯ ಬ್ರಾಂಚ್, ಅಂದರೆ ಕಟ್ಟಿದ ಬೀಡಿಯನ್ನು ಒಪ್ಪಿಸಿ ಎಲೆ ಮತ್ತು ಹೊಗೆಸೊಪ್ಪನ್ನು ತರುವ ಗುತ್ತಿಗೆದಾರರ ಕೇಂದ್ರ. ಒಪ್ಪಿಸಿ ಬಂದ ಮೇಲೆ ಮಾತಿಗೆ ಬಿಡುವು. ಆಗಲೂ ಮಡಿಲಿನ ತಡ್ಪೆಯ ಮೇಲೆ, ಅಂದರೆ ಗೆರಸೆಯ ಮೇಲೆ, ಎಲೆ ಕತ್ತರಿಸಿ, ಪುಡಿ ಹಾಕಿ, ಸುರುಳಿ ಸುತ್ತಿ ನೂಲು ಬಿಗಿಯುವ ಬೆರಳುಗಳು ನಿಲ್ಲುವುದಿಲ್ಲ. ಆ ಬೆರಳುಗಳನ್ನು ನಿಲ್ಲಿಸಿ ತಮ್ಮ ಕಡೆ ನೋಡಬೇಕೆಂದು ಬಯಸುವ ಕಾರ್ಯಕರ್ತರು ಅವರ ದಿನದ ಕೂಲಿಯನ್ನು ಕೇಳುತ್ತಿದ್ದಾರೆಂದೇ ತಿಳಿಯಬೇಕು.

ಆರೈಕೆ ಪಡೆಯುವ ಪಾಠ ಆಟಿಯಲ್ಲಿ ಬರುತ್ತದೆ. ಆಟಿ ಎಂಬುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಕೆಲಸವೂ ದವಸವೂ ಕಡಿಮೆಯಾಗುತ್ತಿದ್ದ, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯೂ ಕುಚ್ಚಲಕ್ಕಿ ಗಂಜಿಯೂ ಮನೆಯನ್ನು ಸಾಗಿಸುತ್ತಿದ್ದ ಕಾಲ. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಪಾಲೆ ಮರದ, ಕನ್ನಡದಲ್ಲಿ ಹಾಲೆ ಮರದ, ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ, ಕೆಂಪಗೆ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಮುಳುಗಿಸಿ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತ್ಯದ ಗಂಜಿ. ಕತ್ತಲಲ್ಲಿ ಮರ ತಪ್ಪಿ ಬೇರೆ ತೊಗಟೆಯ ರಸ ಕುಡಿದು ಅಸ್ವಸ್ಥರಾದವರಿರುವುದರಿಂದ, ಹಿಂದಿನ ದಿನವೇ ಮರವನ್ನು ಗುರುತಿಸಿ ಬರುವ ಹಿರಿಯರೊಬ್ಬರು ಪ್ರತಿ ನೆರೆಕರೆಯಲ್ಲಿಯೂ ಬೇಕು. ಆ ಕಹಿ ಲೋಟವನ್ನು ಕೈಗಿತ್ತು, ಮುಗಿಸುವವರೆಗೆ ಎದುರಿಗೇ ನಿಲ್ಲುವ ಮನೆಯ ಅಕ್ಕನ ಮುಂದೆ ಕಾರ್ಯಕರ್ತರು ಸೇವೆ ಮಾಡಲು ಬಂದವರಾಗಿ ಉಳಿಯುವುದಿಲ್ಲ, ಮನೆಯ ಮಕ್ಕಳಲ್ಲಿ ಒಬ್ಬರಾಗುತ್ತಾರೆ. 2019ರ ಆಗಸ್ಟ್ 9ರಂದು ಚಾರ್ಮಾಡಿ, ಮಲವಂತಿಗೆ ಕಡೆಗಳಲ್ಲಿ ಗುಡ್ಡ ಜರಿದು ಹೊಳೆಗಳು ತೋಟಗಳಿಗೆ ನುಗ್ಗಿದಾಗ, ಯಾವ ಮನೆಯಲ್ಲಿ ಮಲಗಿದಲ್ಲಿಯೇ ಇರುವ ಹಿರಿಯರಿದ್ದಾರೆ, ಯಾವ ಗುಡ್ಡದಾರಿ ಇನ್ನೂ ನಡೆಯಲು ಬರುತ್ತದೆ ಎಂಬ ತಿಳಿವಳಿಕೆ ಇದ್ದದ್ದು ಇಂಥ ನೆರೆಕರೆಯ ಬಾಯಿಯಲ್ಲಿಯೇ.

ಮರುವರ್ಷ ಕಟ್ಟ ಪಾದೆಯ ಬಳಿಯೇ ಆಯಿತು, ನೀರು ಏಪ್ರಿಲ್‌ವರೆಗೂ ನಿಂತಿತು. ಯಜಮಾನರು ತುಳುವಿನಲ್ಲಿ ಹೇಳುತ್ತಾ ಹೋದುದನ್ನು ಕಾರ್ಯಕರ್ತರು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದುಕೊಂಡರು: ಚೀಲ ಎಷ್ಟು, ಸಾಲು ಎಷ್ಟು, ಹೆಚ್ಚಿದ ನೀರು ಯಾರ ತೋಟದ ಬದಿಯಿಂದ ಇಳಿಯಬೇಕು. ಚೀಲಗಳನ್ನು ತೆಗೆಯುವ ತಾರೀಖನ್ನು ಕೇಳಿದಾಗ ಅವರು ಪತ್ತನಾಜೆ ಎಂದರು. ಅದು ಬೇಶ ಎಂಬ ತುಳು ತಿಂಗಳ ಹತ್ತನೆಯ ದಿನ, ಮೇ ತಿಂಗಳ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ನಮೂನೆಯಲ್ಲಿ ತಾರೀಖಿಗೆಂದು ಬಿಟ್ಟಿದ್ದ ಚೌಕದಲ್ಲಿ 'ಪತ್ತನಾಜೆಗೆ ಮೊದಲು' ಎಂದೇ ಬರೆಯಲಾಯಿತು.